ಚಂಡಮಾರುತದಿಂದ ಚೇತರಿಸಿಕೊಳ್ಳುತ್ತಿರುವ ಕಡಲೂರಿನಲ್ಲಿ ಆರ್‌ವಿ ನಿಲ್ಲಿಸುವ ಮುನ್ನ

ಫ್ಲೋರಿಡಾದ ವಾಯವ್ಯ ಕರಾವಳಿಯಲ್ಲಿ ಮೆಕ್ಸಿಕೊ ಬೀಚ್ ಎಂಬ ಪುಟ್ಟ ಊರಿದೆ. 2010ರ ಜನಗಣತಿಯ ಪ್ರಕಾರ ಅಲ್ಲಿದ್ದವರು 1,072 ಜನ. 2018ರ ಅಕ್ಟೋಬರ್ 10ರಂದು ಮೈಕೆಲ್ ಚಂಡಮಾರುತ ಗಂಟೆಗೆ 160 ಮೈಲಿ ವೇಗದ ಗಾಳಿಯೊಂದಿಗೆ ಈ ಊರಿನ ಹತ್ತಿರವೇ ನೆಲ ಮುಟ್ಟಿತು. ಉಕ್ಕಿ ಬಂದ ಕಡಲು 98ನೇ ಹೆದ್ದಾರಿಯ ಆಸುಪಾಸಿನ ಎಷ್ಟೋ ಮನೆಗಳನ್ನು ಅಡಿಪಾಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಚ್ಚಿಕೊಂಡು ಹೋಯಿತು. 1992ರ ಆಂಡ್ರ್ಯೂ ಚಂಡಮಾರುತದ ನಂತರ ಅಮೆರಿಕದ ಮುಖ್ಯ ಭೂಭಾಗವನ್ನು ಅಪ್ಪಳಿಸಿದ ಮೊದಲ ಐದನೇ ವರ್ಗದ, ಅಂದರೆ ಅತ್ಯಂತ ತೀವ್ರ ವರ್ಗದ, ಚಂಡಮಾರುತ ಅದು. ಇಂಥ ಊರುಗಳು ಮೆಕ್ಸಿಕೊ ಕೊಲ್ಲಿಯ ಉದ್ದಕ್ಕೂ ಇವೆ: ಟೆಕ್ಸಸ್‌ನ ರಾಕ್‌ಪೋರ್ಟ್, ಲೂಸಿಯಾನದ ಕ್ಯಾಮರಾನ್, ಫ್ಲೋರಿಡಾದ ಫೋರ್ಟ್ ಮೈಯರ್ಸ್ ಬೀಚ್. ಚಳಿಗಾಲದಲ್ಲಿ ಬಿಸಿಲು ಅರಸಿ ದಕ್ಷಿಣಕ್ಕೆ ಇಳಿಯುವ ಆರ್‌ವಿ (ಮಲಗುವ ಜಾಗ, ಅಡುಗೆ, ಶೌಚಾಲಯ ಎಲ್ಲ ಒಳಗೇ ಇರುವ ಗಾಡಿ) ಪ್ರಯಾಣಿಕರ ದಾರಿಯಲ್ಲೇ ಇವು ಸಿಗುತ್ತವೆ. ಅಲ್ಲಿ ಎರಡು ಮೂರು ರಾತ್ರಿ ತಂಗಬೇಕೆನ್ನುವವರು ಏನನ್ನು ವಿಚಾರಿಸಬೇಕು, ಏನನ್ನು ಕೊಂಡೊಯ್ಯಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಒಂದಿದೆ. ಸಾಮಾನ್ಯ ಊರಿನಲ್ಲಿ ಆರ್‌ವಿ ಪಾರ್ಕಿನ, ಅಂದರೆ ಬಾಡಿಗೆ ಕೊಟ್ಟು ಗಾಡಿ ನಿಲ್ಲಿಸಿ ತಂಗುವ ತಾಣದ, ಒಂದು ಜಾಗವೆಂದರೆ ರಜೆಯ ಜಾಗ. ಚಂಡಮಾರುತ ಹೊಡೆದ ಊರಿನಲ್ಲಿ ಅದೇ ಜಾಗ ಯಾರದೋ ಮನೆ. ಮನೆ ಕಳೆದುಕೊಂಡವರಿಗೆ ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ತಾತ್ಕಾಲಿಕ ವಸತಿಯಾಗಿ ಟ್ರಾವೆಲ್ ಟ್ರೇಲರ್‌ಗಳನ್ನು (ಬೇರೆ ವಾಹನ ಎಳೆದೊಯ್ಯುವ ಗಾಡಿಮನೆಗಳನ್ನು) ಕೊಡುವುದುಂಟು, ಮತ್ತು ನೀರು, ವಿದ್ಯುತ್ತು, ಒಳಚರಂಡಿಯ ಸಂಪರ್ಕ ಸಿದ್ಧವಿರುವ ಖಾಸಗಿ ಪಾರ್ಕುಗಳಲ್ಲೇ ಅವುಗಳನ್ನು ನಿಲ್ಲಿಸಲು ಅನುಕೂಲ. ವಿದ್ಯುತ್ ತಂತಿ ಎಳೆಯುವವರು, ಛಾವಣಿ ಹಾಕುವವರು, ಅವಶೇಷ ಸಾಗಿಸುವ ಲಾರಿ ಚಾಲಕರು ಕೂಡ ಅಲ್ಲಿಯೇ ತಿಂಗಳುಗಟ್ಟಲೆ ಉಳಿಯುತ್ತಾರೆ. ಆದ್ದರಿಂದ ಪ್ರವಾಸಿಗರಾದ ನಾವು ಬುಕಿಂಗ್ ಪುಟದಲ್ಲಿ ಖಾಲಿ ಜಾಗ ಕಂಡ ಕೂಡಲೇ ಹಣ ಕಟ್ಟುವುದು ಸರಿಯಲ್ಲ. ಆ ಜಾಗ ನಿಜವಾಗಿಯೂ ಪ್ರವಾಸಿಗರಿಗಾಗಿ ಖಾಲಿ ಇದೆಯೇ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಯಾವಾಗ ಹೋಗಬೇಕು

ರಸ್ತೆ ತೆರೆದಿದೆ ಎಂದ ಮಾತ್ರಕ್ಕೆ ಊರು ತೆರೆದಿದೆ ಎಂದಲ್ಲ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಫ್ಲೋರಿಡಾದ ಸಾನಿಬೆಲ್ ದ್ವೀಪಕ್ಕೆ ಹೋಗುವ ಸೇತುವೆ ರಸ್ತೆಯನ್ನು ಹಲವು ಕಡೆ ಮುರಿದಿತ್ತು. ಅದೇ ಅಕ್ಟೋಬರ್ 19ರ ವೇಳೆಗೆ ತಾತ್ಕಾಲಿಕ ದುರಸ್ತಿ ಮುಗಿದು ವಾಹನಗಳು ಓಡಾಡತೊಡಗಿದವು. ಮೂರೇ ವಾರದಲ್ಲಿ ಆದ ಆ ಕೆಲಸ ನಿವಾಸಿಗಳು ತಮ್ಮ ಮನೆಯ ಕೆಸರು ಬಳಿಯಲು ಮರಳಲೆಂದು ಆದದ್ದೇ ಹೊರತು ಪ್ರವಾಸಿಗರಿಗಾಗಿ ಅಲ್ಲ. ಮೂರು ಸಂಗತಿಗಳು ಖಚಿತವಾಗುವ ತನಕ ಕಾಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಲ್ಲಿ ನೀರನ್ನು ಕುದಿಸಿ ಕುಡಿಯಿರಿ ಎಂಬ ಸೂಚನೆ ಹಿಂದೆಗೆದುಕೊಂಡಿರಬೇಕು. ನಗರಾಡಳಿತವೋ ಕೌಂಟಿಯೋ (ಜಿಲ್ಲಾಡಳಿತ) ಹೊರಗಿನವರು ಬರಬಹುದೆಂದು ಪ್ರಕಟಿಸಿರಬೇಕು. ನಾವು ತಂಗಲಿರುವ ಪಾರ್ಕಿನವರು ನೆಲೆ ತಪ್ಪಿದವರ್‍ಯಾರೂ ಜಾಗಕ್ಕಾಗಿ ಕಾಯುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿರಬೇಕು. ಇದಕ್ಕೆ ಒಂದು ಊರಿನಲ್ಲಿ ನಾಲ್ಕು ತಿಂಗಳು ಹಿಡಿದರೆ ಇನ್ನೊಂದರಲ್ಲಿ ಎರಡು ವರ್ಷ ಹಿಡಿಯಬಹುದು. ಕ್ಯಾಮರಾನ್ ಕಡೆಯವರಿಗೆ 2020ರ ಆಗಸ್ಟ್ 27ರಂದು ಲಾರಾ ಚಂಡಮಾರುತ ಹೊಡೆದು, ಛಾವಣಿಗೆ ಹೊದಿಸಿದ ನೀಲಿ ಟಾರ್ಪಾಲುಗಳನ್ನು ತೆಗೆಯುವ ಮೊದಲೇ ಅಕ್ಟೋಬರ್ 9ರಂದು ಡೆಲ್ಟಾ ಚಂಡಮಾರುತ ಬಂದೆರಗಿತು. ಅಂಥಲ್ಲಿ ತಿಂಗಳ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಪಾಪ, ಅವರಿಗೆ ತೊಂದರೆ ಏಕೆ ಎಂದು ವರ್ಷಗಟ್ಟಲೆ ಆ ಕಡೆ ತಲೆ ಹಾಕದಿರುವುದೂ ಊರಿಗೆ ಉಪಕಾರವಲ್ಲ. ಈ ಕಡಲೂರುಗಳ ಅನ್ನ ನಡೆಯುವುದು ಬಂದು ಹೋಗುವವರಿಂದ. ಫ್ಲೋರಿಡಾದ ಕೌಂಟಿಗಳು ಅಲ್ಪಾವಧಿ ವಸತಿಯ ಬಾಡಿಗೆಯ ಮೇಲೆ ವಿಧಿಸುವ ಪ್ರವಾಸಿ ತೆರಿಗೆ ಆರ್‌ವಿ ಜಾಗದ ಬಾಡಿಗೆಗೂ ಅನ್ವಯಿಸುತ್ತದೆ, ಮತ್ತು ಕೊಚ್ಚಿಹೋದ ಕಡಲತೀರಕ್ಕೆ ಮತ್ತೆ ಮರಳು ತುಂಬುವಂಥ ಕೆಲಸಗಳಿಗೆ ಆ ಹಣವನ್ನು ಬಳಸಲು ಕಾನೂನಿನಲ್ಲಿ ಅವಕಾಶವಿದೆ. ಊರು ಬನ್ನಿ ಎಂದಾಗ ಹೋಗುವುದೇ ಸರಿಯಾದ ಸಮಯ.

ಜಾಗ ಹುಡುಕುವಾಗ

ಚಂಡಮಾರುತಕ್ಕೆ ಮುಂಚೆ ಬರೆದ ವಿಮರ್ಶೆಗಳನ್ನೂ ಹಳೆಯ ಮಾರ್ಗದರ್ಶಿ ನಕ್ಷೆಗಳನ್ನೂ ಪಕ್ಕಕ್ಕಿಡಿ. ಅವು ಈಗ ಇಲ್ಲದ ಒಂದು ಸ್ಥಳದ ವರ್ಣನೆಗಳು. ಮೆಕ್ಸಿಕೊ ಬೀಚಿನಿಂದ ದಕ್ಷಿಣಕ್ಕಿರುವ ಸೇಂಟ್ ಜೋಸೆಫ್ ಪರ್ಯಾಯ ದ್ವೀಪದ ರಾಜ್ಯ ಉದ್ಯಾನವನ್ನೇ ನೋಡಿ: ಮೈಕೆಲ್ ಆ ಉದ್ದನೆಯ ಮರಳ ಪಟ್ಟಿಯನ್ನು ನಡುವೆ ಸೀಳಿ ಆಚೆಯ ಭಾಗವನ್ನು ದ್ವೀಪವನ್ನಾಗಿ ಮಾಡಿತ್ತು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಕಡಲಿಗೆ ಮುಖ ಮಾಡಿದ್ದ ರೆಡ್ ಕೋಕೊನಟ್ ಆರ್‌ವಿ ಪಾರ್ಕ್ ಇಯಾನ್‌ಗೆ ಸಿಕ್ಕಿ ನಾಶವಾದ ಮೇಲೆ ಆ ಭೂಮಿ ಕಟ್ಟಡ ನಿರ್ಮಾಣಗಾರರಿಗೆ ಮಾರಾಟವಾಯಿತು. ಹಾಗೆ ಆಗುವುದಕ್ಕೆ ಕಾರಣಗಳಿವೆ. ನೆರೆ ವಲಯದಲ್ಲಿರುವ ಕಟ್ಟಡಕ್ಕೆ ಆದ ಹಾನಿಯ ದುರಸ್ತಿ ವೆಚ್ಚ ಅದರ ಮಾರುಕಟ್ಟೆ ಬೆಲೆಯ ಶೇ. 50ನ್ನು ಮುಟ್ಟಿದರೆ, ಅದನ್ನು ಇಂದಿನ ನಿಯಮದಂತೆ ನೆರೆಮಟ್ಟಕ್ಕಿಂತ ಮೇಲಕ್ಕೆತ್ತಿ ಕಟ್ಟಬೇಕಾಗುತ್ತದೆ. ಸ್ನಾನದ ಮನೆ, ಕಚೇರಿ, ಬಟ್ಟೆ ಒಗೆಯುವ ಕೋಣೆ ಇಷ್ಟೇ ಇದ್ದ ಸಣ್ಣ ಪಾರ್ಕಿನ ಮಾಲೀಕರಿಗೆ ಅದು ಎಟುಕದ ಮಾತು. ಆದ್ದರಿಂದ ಪಾರ್ಕು ತೆರೆದಿದ್ದರೂ ಸ್ನಾನದ ಮನೆ ಇಲ್ಲದಿರಬಹುದು. ನಮ್ಮ ಗಾಡಿಯ ಶೌಚಾಲಯ, ಸ್ನಾನದ ವ್ಯವಸ್ಥೆಯಲ್ಲೇ ಸುಧಾರಿಸಿಕೊಳ್ಳುವ ಸಿದ್ಧತೆ ಇರಬೇಕು.

ಫೋನು ಮಾಡಿದಾಗ ನಮ್ಮ ಗಾಡಿಯ ಉದ್ದ, ಎತ್ತರಗಳನ್ನು ಹೇಳಿ, 30 ಆಂಪಿಯರ್ ವಿದ್ಯುತ್ ಸಂಪರ್ಕ ಬೇಕೋ 50ರದು ಬೇಕೋ ತಿಳಿಸಿ, ಗಾಡಿಗಳಿಗೆ ವಿದ್ಯುತ್ ಕೊಡುವ ಪಾರ್ಕಿನ ಕಂಬಗಳನ್ನು ಚಂಡಮಾರುತದ ನಂತರ ಹೊಸದಾಗಿ ಹಾಕಿದ್ದಾರೆಯೇ ಎಂದು ಕೇಳಬೇಕು. ಒಳಚರಂಡಿ ಸಂಪರ್ಕ ಪ್ರತಿ ಜಾಗಕ್ಕೂ ಇದೆಯೇ ಅಥವಾ ಎಲ್ಲರೂ ಕೊಳಚೆ ಖಾಲಿ ಮಾಡುವ ಒಂದೇ ಡಂಪ್ ಸ್ಟೇಷನ್ ಇದೆಯೇ, ಯಾವ ದಿಕ್ಕಿನ ದಾರಿಯಲ್ಲಿ ಬಂದರೆ ಸುಲಭ, ನೆರಳಿದೆಯೇ ಎಂಬುದನ್ನೂ ವಿಚಾರಿಸಿ. ಮರಗಳೆಲ್ಲ ಉರುಳಿದ ಪಾರ್ಕಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಏರ್ ಕಂಡೀಷನರ್ ಎಡೆಬಿಡದೆ ಓಡಬೇಕಾಗುತ್ತದೆ, ಆ ಹೊರೆ ವಿದ್ಯುತ್ ಸಂಪರ್ಕದ ಮೇಲೆ ಬೀಳುತ್ತದೆ. ರಾಜ್ಯ ಉದ್ಯಾನಗಳಲ್ಲಿ ತಂಗಬೇಕೆಂದರೆ, 2024ರಿಂದ ಫ್ಲೋರಿಡಾ ನಿವಾಸಿಗಳಿಗೆ 11 ತಿಂಗಳು ಮುಂಚಿತವಾಗಿಯೂ ಹೊರರಾಜ್ಯದವರಿಗೆ 10 ತಿಂಗಳು ಮುಂಚಿತವಾಗಿಯೂ ಕಾಯ್ದಿರಿಸುವ ಅವಕಾಶವಿದೆ. ಮೆಕ್ಸಿಕೊ ಬೀಚ್ ಕಡೆಗೆ ಹೋಗುವವರು ಗಡಿಯಾರದ ಕಡೆಗೂ ಗಮನ ಕೊಡಬೇಕು: ಆ ಊರು ಸೆಂಟ್ರಲ್ ಕಾಲಮಾನದಲ್ಲಿದೆ, ಪಕ್ಕದ ಪೋರ್ಟ್ ಸೇಂಟ್ ಜೋ ಈಸ್ಟರ್ನ್ ಕಾಲಮಾನದಲ್ಲಿದೆ, ಮತ್ತು ಕಚೇರಿ ಮುಚ್ಚುವ ಹೊತ್ತನ್ನು ಕೇಳುವಾಗ ಯಾವ ಕಾಲಮಾನವೆಂದು ಕೇಳದಿದ್ದರೆ ಒಂದು ಗಂಟೆ ತಡವಾಗಿ ಹೋಗಿ ನಿಲ್ಲಬೇಕಾಗುತ್ತದೆ.

ದಾರಿ

ಛಾವಣಿಗಳು ಹಾರಿಹೋದ ಊರಿನ ರಸ್ತೆಯಲ್ಲಿ ಛಾವಣಿಯ ಮೊಳೆಗಳು ತಿಂಗಳುಗಟ್ಟಲೆ ಸಿಗುತ್ತವೆ. ಟೈರಿನ ಒತ್ತಡ ತೋರಿಸುವ ಸಂವೇದಕಗಳು, ಪಂಚರ್ ತುಂಬುವ ಸಾಮಗ್ರಿ, ಗಾಳಿ ತುಂಬಿದ ಸ್ಟೆಪ್ನಿ ಇಲ್ಲದೆ ಹೋಗಬೇಡಿ. ಅಲ್ಲಿನ ಟೈರ್ ಅಂಗಡಿಗೆ ಅಲ್ಲಿಯವರ ಕೆಲಸವೇ ಸಾಕಷ್ಟು ಇರುತ್ತದೆ. ಊರು 100 ಮೈಲಿ ದೂರವಿರುವಾಗಲೇ ಇಂಧನ ತುಂಬಿಸಿ, ಪ್ರೊಪೇನ್ ಸಿಲಿಂಡರನ್ನೂ ಅಲ್ಲಿಯೇ ತುಂಬಿಸಿಕೊಳ್ಳಿ. ಹೊಸದಾಗಿ ಎಳೆದ ಕೇಬಲ್‌ಗಳು ಕೆಲವೆಡೆ ತಾತ್ಕಾಲಿಕವಾಗಿ ಕೆಳಗೆ ಜೋತಾಡುತ್ತಿರುತ್ತವೆ. ಹೀಗಾಗಿ ಏರ್ ಕಂಡೀಷನರ್ ಸೇರಿಸಿ ಗಾಡಿಯ ಒಟ್ಟು ಎತ್ತರ ಎಷ್ಟೆಂಬ ಚೀಟಿಯನ್ನು ಸ್ಟೀರಿಂಗಿನ ಹತ್ತಿರ ಅಂಟಿಸಿಟ್ಟುಕೊಳ್ಳಬೇಕು. ಕಡಲ ನೀರು ಹಾದುಹೋದ ರಸ್ತೆಗಳ ಅಂಚಿನ ಮಣ್ಣು ಒಳಗೊಳಗೇ ಟೊಳ್ಳಾಗಿರಬಹುದು. ಮೇಲೆ ಹುಲ್ಲು ಬೆಳೆದು ಗಟ್ಟಿಯಾಗಿ ಕಂಡರೂ ಭಾರದ ಗಾಡಿಯನ್ನು ಅಂಥ ಅಂಚಿಗೆ ಇಳಿಸಬಾರದು. ಫ್ಲೋರಿಡಾದಲ್ಲಿ 511 ಎಂಬ ಸಂಖ್ಯೆಗೆ ಕರೆ ಮಾಡಿದರೆ ರಸ್ತೆಗಳ ಸ್ಥಿತಿ ತಿಳಿಯುತ್ತದೆ. ಮನೆಗಳ ಮುಂದೆ ರಾಶಿ ಹಾಕಿದ ಅವಶೇಷಗಳ ಪಕ್ಕ ಗಾಡಿ ನಿಲ್ಲಿಸಿದರೆ ಅದನ್ನೆತ್ತಲು ಬರುವ ಲಾರಿಗೆ ಅಡ್ಡವಾಗುತ್ತದೆ, ಮತ್ತು ಆ ಬೀದಿಯ ಸರದಿ ಮತ್ತೆ ಬರಲು ವಾರಗಳೇ ಬೇಕಾಗಬಹುದು.

ವಿದ್ಯುತ್ತು, ನೀರು, ಕೊಳಚೆ

ಈ ಭಾಗಕ್ಕೆ ಹೆಚ್ಚು ಗಮನ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಉಪ್ಪುನೀರಿನಲ್ಲಿ ಮುಳುಗಿದ ವಿದ್ಯುತ್ ಪೆಟ್ಟಿಗೆ ಒಣಗಿದ ಮೇಲೆ ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ಒಳಗಿನ ತಾಮ್ರದ ಜೋಡಣೆಗಳನ್ನು ಉಪ್ಪು ತಿನ್ನುತ್ತಲೇ ಇರುತ್ತದೆ. ಜಾಗಕ್ಕೆ ಬಂದ ಕೂಡಲೇ ಗಾಡಿಯ ಜಾಕ್‌ಗಳನ್ನು ಇಳಿಸುವ ಮೊದಲೇ ಕಂಬವನ್ನು ಪರೀಕ್ಷಿಸಿ. ಆಗ ಬೇರೆ ಜಾಗ ಕೇಳುವುದು ಸುಲಭ. ಮೊದಲು ಬ್ರೇಕರನ್ನು ಆಫ್ ಮಾಡಿ, ಮುಚ್ಚಳ ತೆರೆದು ಹಸಿರು ಕಿಲುಬು, ಸುಟ್ಟ ಕಲೆ, ಕರಗಿದ ಪ್ಲಾಸ್ಟಿಕ್ ಇವೆಯೇ ನೋಡಿ. ನಂತರ ಗಾಡಿಯ ವಯರನ್ನು ಚುಚ್ಚದೆ, ಸರ್ಜ್ ಪ್ರೊಟೆಕ್ಟರ್ (ವಿದ್ಯುತ್ತಿನ ದೋಷದಿಂದ ಗಾಡಿಯನ್ನು ಕಾಪಾಡುವ ಸಾಧನ) ಒಂದನ್ನೇ ಚುಚ್ಚಿ ಬ್ರೇಕರ್ ಹಾಕಿ, ಅದು ತೋರಿಸುವ ಸೂಚನೆಯನ್ನು ಓದಿ. ತಂತಿಗಳು ಅದಲುಬದಲಾಗಿದ್ದರೆ, ಅರ್ತಿಂಗ್ ಇಲ್ಲದಿದ್ದರೆ, ನ್ಯೂಟ್ರಲ್ ತಂತಿ ಕಡಿದಿದ್ದರೆ ಒಳ್ಳೆಯ ಸಾಧನವು ಅದನ್ನು ಹೇಳುತ್ತದೆ. ಇವುಗಳಲ್ಲಿ ಕಡೆಯದು 50 ಆಂಪಿಯರ್ ಸಂಪರ್ಕದಲ್ಲಿ ಬಹಳ ಅಪಾಯಕಾರಿ: ಅಲ್ಲಿ 120 ವೋಲ್ಟಿನ ಎರಡು ಸಾಲುಗಳು ಬರುತ್ತವೆ, ನ್ಯೂಟ್ರಲ್ ಕೈಕೊಟ್ಟರೆ ಒಂದು ಸಾಲಿನಲ್ಲಿ ವೋಲ್ಟೇಜ್ 200ರ ಆಚೆಗೂ ಏರಿ, ಫ್ರಿಜ್‌ನಿಂದ ಹಿಡಿದು ಮೈಕ್ರೋವೇವ್‌ತನಕ ಎಲ್ಲವೂ ಸುಟ್ಟುಹೋಗಬಹುದು.

ವೋಲ್ಟೇಜ್ ಕಡಿಮೆಯಾಗುವುದು ಇನ್ನೂ ಸಾಮಾನ್ಯವಾದ ತೊಂದರೆ. ಸಂಜೆ ಎಲ್ಲರೂ ಕೆಲಸದಿಂದ ಮರಳಿ ಏರ್ ಕಂಡೀಷನರ್ ಹಾಕಿದಾಗ ಪಾರ್ಕಿನ ಕೊನೆಯ ಕಂಬಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. 104 ವೋಲ್ಟಿಗಿಂತ ಕೆಳಗಿಳಿದರೆ ಏರ್ ಕಂಡೀಷನರಿನ ಕಂಪ್ರೆಸರ್‌ಗೆ ಹಾನಿಯಾಗಬಹುದೆಂದೇ ಹಲವು ರಕ್ಷಣಾ ಸಾಧನಗಳು ಆ ಮಟ್ಟದಲ್ಲಿ ವಿದ್ಯುತ್ತನ್ನು ತಾವೇ ಕಡಿದುಬಿಡುತ್ತವೆ. 30 ಆಂಪಿಯರ್ ಸಂಪರ್ಕ ಕೊಡುವುದು ಒಟ್ಟು 3,600 ವಾಟ್ ಮಾತ್ರ. ಏರ್ ಕಂಡೀಷನರ್ ಓಡುವಾಗ ನೀರು ಕಾಯಿಸಲು ಪ್ರೊಪೇನನ್ನೇ ಬಳಸಿದರೆ ನಮಗೂ ಕ್ಷೇಮ, ಪಕ್ಕದ ಟ್ರೇಲರಿನಲ್ಲಿ ಮಲಗಿರುವ ಕೆಲಸಗಾರರಿಗೂ ನೆಮ್ಮದಿ. ಜನರೇಟರ್ ಬೇಕಾದರೆ ಅದನ್ನು ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆ ನಮ್ಮ ಕಡೆಗೂ ನೆರೆಯವರ ಕಡೆಗೂ ಬಾರದಂತೆ ತಿರುಗಿಸಿ ಇಡಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಂಡಮಾರುತ ದಾಟಿ ಬದುಕಿದವರು ಆಮೇಲೆ ಜನರೇಟರ್ ಹೊಗೆಗೆ ಪ್ರಾಣ ಬಿಟ್ಟ ಘಟನೆಗಳು ಮತ್ತೆ ಮತ್ತೆ ಆಗಿವೆ. ಗಾಡಿಯೊಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮೊದಲೇ ಗುಂಡಿ ಒತ್ತಿ ನೋಡಿಕೊಳ್ಳಿ.

ನೀರಿನ ಟ್ಯಾಂಕನ್ನು ಒಳನಾಡಿನಲ್ಲೇ ತುಂಬಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಬಹಳ ದಿನ ಬಳಸದ ಟ್ಯಾಂಕಾದರೆ, 15 ಗ್ಯಾಲನ್ ಸಾಮರ್ಥ್ಯಕ್ಕೆ ಕಾಲು ಕಪ್ಪಿನಂತೆ ಸುವಾಸನೆ ಸೇರಿಸದ ಮನೆಬಳಕೆಯ ಬ್ಲೀಚನ್ನು ನೀರಿನಲ್ಲಿ ಬೆರೆಸಿ ತುಂಬಿ, ಎಲ್ಲ ನಲ್ಲಿಗಳಲ್ಲೂ ಅದರ ವಾಸನೆ ಬರುವ ತನಕ ಹರಿಸಿ, ಕೆಲವು ಗಂಟೆ ಹಾಗೆಯೇ ಬಿಟ್ಟು, ವಾಸನೆ ಹೋಗುವಂತೆ ತೊಳೆದು ಮತ್ತೆ ತುಂಬಬೇಕು. ತಂಗಿರುವಾಗ ಪೈಪು ಒಡೆದು ಕುದಿಸಿ ಕುಡಿಯುವ ಸೂಚನೆ ಮತ್ತೆ ಜಾರಿಯಾಗಬಹುದು. ಆಗ ನೀರನ್ನು ಕೊತಕೊತನೆ ಒಂದು ನಿಮಿಷ ಕುದಿಸಬೇಕು. ಗಾಡಿಯ ಸಾಮಾನ್ಯ ಇಂಗಾಲದ ಫಿಲ್ಟರು ರುಚಿಯನ್ನು ಸುಧಾರಿಸುತ್ತದೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ದುರಸ್ತಿಯಾದ ಕೊಳವೆಗಳಲ್ಲಿ ಒತ್ತಡ ಏರಿಳಿಯುವುದರಿಂದ ಒತ್ತಡ ನಿಯಂತ್ರಕವನ್ನು ನಲ್ಲಿಗೆ ಮೊದಲು ಜೋಡಿಸಿ, ಆಮೇಲೆ ಪೈಪನ್ನು ಸಿಕ್ಕಿಸಿ.

ಕೊಳಚೆಯ ವಿಷಯದಲ್ಲಿ ಒಂದು ವಿವರ ತಿಳಿದಿದ್ದರೆ ಉಳಿದದ್ದು ತಾನೇ ಅರ್ಥವಾಗುತ್ತದೆ. ಕಡಲತೀರದ ನೆಲ ಚಪ್ಪಟೆಯಾಗಿರುವುದರಿಂದ ಒಳಚರಂಡಿ ತಾನಾಗಿ ಹರಿಯುವುದಿಲ್ಲ. ಅಲ್ಲಲ್ಲಿ ಇರುವ ಪಂಪ್ ಕೇಂದ್ರಗಳು ಅದನ್ನು ಎತ್ತಿ ಮುಂದೂಡಬೇಕು. ವಿದ್ಯುತ್ತು ಹೋದರೆ ಪಂಪ್ ನಿಲ್ಲುತ್ತದೆ, ಆಗ ನಾವು ಟ್ಯಾಂಕ್ ಬಿಚ್ಚಿದರೆ ಅದು ತಗ್ಗಿನಲ್ಲಿರುವ ಯಾರದೋ ಬಚ್ಚಲಿನಲ್ಲಿ ಉಕ್ಕಬಹುದು. ಹಾಗಾಗಿ ಒಳನಾಡಿನಲ್ಲಿ ಶೌಚದ ಟ್ಯಾಂಕು, ಬಚ್ಚಲು ನೀರಿನ ಟ್ಯಾಂಕು ಎರಡನ್ನೂ ಖಾಲಿ ಮಾಡಿಕೊಂಡು ಹೋಗಿ, ಅಲ್ಲಿರುವಷ್ಟು ದಿನ ಕವಾಟ ಮುಚ್ಚಿಟ್ಟು ನೀರನ್ನು ಹಿಡಿತದಲ್ಲಿ ಬಳಸಿ, ಸಾಧ್ಯವಾದರೆ ಮರಳುವ ದಾರಿಯಲ್ಲೇ ಖಾಲಿ ಮಾಡಬೇಕು. ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಬಿಡಬೇಡಿ.

ಕಡಲತೀರದಲ್ಲಿ

ಮರಳಿನಲ್ಲಿ ಗಾಜು, ಮೊಳೆ ಚುಚ್ಚಿದ ಹಲಗೆ, ಮುರಿದ ಹೆಂಚು ಹುದುಗಿರುತ್ತವೆ; ಮಕ್ಕಳಾಗಲಿ ದೊಡ್ಡವರಾಗಲಿ ಬರಿಗಾಲಿನಲ್ಲಿ ನಡೆಯಬಾರದು. ಮೈಮೇಲೆ ತೆರೆದ ಗಾಯವಿದ್ದರೆ ನಿಂತ ನೆರೆನೀರಿಗಾಗಲಿ ಬೆಚ್ಚನೆಯ ಹಿನ್ನೀರಿಗಾಗಲಿ ಇಳಿಯಬೇಡಿ. ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿದರೆ ಪ್ರಾಣಕ್ಕೇ ಸಂಚಕಾರ, ಮತ್ತು ಇಯಾನ್ ನಂತರ ಫ್ಲೋರಿಡಾದಲ್ಲಿ ಅದರ ಪ್ರಕರಣಗಳು ಹೆಚ್ಚಿದ್ದವು. ಎರಡು ಕೆಂಪು ಬಾವುಟಗಳು ಹಾರುತ್ತಿದ್ದರೆ ನೀರಿಗಿಳಿಯುವುದು ನಿಷಿದ್ಧ ಎಂದರ್ಥ.

ಮರಳ ದಿಬ್ಬಗಳ ಮೇಲೆ ಸಾಲಾಗಿ ನೆಟ್ಟಿರುವ ಹುಲ್ಲನ್ನು ಕಂಡರೆ ದೂರದಿಂದಲೇ ಬಳಸಿ ಹೋಗಿ. ಅದು ಸೀ ಓಟ್ಸ್. ಅದರ ಬೇರುಗಳು ಮರಳನ್ನು ಹಿಡಿದಿಟ್ಟು ಮುಂದಿನ ಚಂಡಮಾರುತದ ಅಲೆಯನ್ನು ತಡೆಯಬೇಕಾದ ದಿಬ್ಬವನ್ನು ಕಟ್ಟುತ್ತವೆ, ಮತ್ತು ಫ್ಲೋರಿಡಾದಲ್ಲಿ ಅದನ್ನು ಕೀಳುವುದು ಕಾನೂನುಬಾಹಿರ. ಒಬ್ಬರು ತುಳಿದ ಜಾಡಿನಲ್ಲೇ ಮತ್ತೊಬ್ಬರು ನಡೆದು ಕೊನೆಗೆ ಅದೇ ಕಡಲು ನುಗ್ಗುವ ಕಂಡಿಯಾಗುತ್ತದೆ. ಫ್ಲೋರಿಡಾದ ಕೊಲ್ಲಿ ತೀರದ ಹೆಚ್ಚಿನ ಕಡೆ ಮೇ 1ರಿಂದ ಅಕ್ಟೋಬರ್ 31ರವರೆಗೆ ಕಡಲಾಮೆಗಳು ಗೂಡು ಮಾಡುವ ಕಾಲ; ತೀರಕ್ಕೆ ಕಾಣುವಂತೆ ನಿಲ್ಲಿಸಿದ ಗಾಡಿಯ ಹೊರದೀಪಗಳನ್ನು ಆರಿಸಿ ಪರದೆ ಎಳೆದುಕೊಳ್ಳಬೇಕು, ಇಲ್ಲವಾದರೆ ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ದಾರಿ ತಪ್ಪುತ್ತವೆ. ಶಿಬಿರದ ಬೆಂಕಿಯನ್ನೂ ಕೇಳಿಯೇ ಹಚ್ಚಬೇಕು. ಮೈಕೆಲ್ ಉರುಳಿಸಿದ ಮರಗಳು ಒಣಗಿ ಬಿದ್ದಿದ್ದ ಕಾಡಿನಲ್ಲಿ 2022ರ ಮಾರ್ಚ್‌ನಲ್ಲಿ ಬರ್ತಾ ಸ್ವಾಂಪ್ ರಸ್ತೆಯ ಕಾಳ್ಗಿಚ್ಚು 33,000 ಎಕರೆಗೂ ಮಿಕ್ಕಿ ಹಬ್ಬಿತ್ತು. ಚಂಡಮಾರುತ ಕಳೆದು ಮೂರೂವರೆ ವರ್ಷಗಳಾದ ಮೇಲೂ ಅದರ ಹಾನಿ ಹೀಗೆ ಮರುಕಳಿಸಿತು.

ಊರಿನವರ ನಡುವೆ

ಮುರಿದ ಮನೆಯ ಚಿತ್ರ ತೆಗೆಯಬೇಡಿ. ಬರೀ ಅಡಿಪಾಯ ಉಳಿದ ಜಾಗವೂ ಒಬ್ಬರ ಅಂಗಳ, ಅದರೊಳಗೆ ಕಾಲಿಡಬೇಡಿ. ಚಂಡಮಾರುತದ ಬಗ್ಗೆ ನಾವಾಗಿ ಕೆದಕಿ ಕೇಳುವುದಕ್ಕಿಂತ ಅವರಾಗಿ ಹೇಳಿದಾಗ ಕಿವಿಗೊಟ್ಟು ಕೇಳುವುದು ಮೇಲು. ಹೇಳುವವರು ಬಹಳ ಹೊತ್ತು ಹೇಳುತ್ತಾರೆ, ಅವಸರ ಮಾಡಬಾರದು. ಪಾರ್ಕಿನ ನೆರೆಯವರಲ್ಲಿ ಅನೇಕರು ನಸುಕಿನಲ್ಲೇ ಕೆಲಸಕ್ಕೆ ಹೋಗುವವರು ಎಂಬುದನ್ನು ರಾತ್ರಿ ಒಂಬತ್ತರ ನಂತರ ನೆನಪಿಡಿ.

ಇಂಧನ, ನೀರನ್ನು ಹೊರಗಿನಿಂದ ತನ್ನಿ ಎಂದೆ; ಔಷಧಿಗಳನ್ನೂ ಹಾಗೆಯೇ ತನ್ನಿ. ಊಟ, ಮೀನು, ಐಸು, ಮೀನು ಹಿಡಿಯುವ ಸಾಮಗ್ರಿಗಳನ್ನು ಮಾತ್ರ ಅಲ್ಲಿಯೇ ಕೊಳ್ಳಿ. ಕೊರತೆಯಿರುವುದನ್ನು ಕೊಂಡರೆ ಊರಿಗೆ ಹೊರೆ, ಮಾರಲೆಂದು ಕಾದಿರುವುದನ್ನು ಕೊಂಡರೆ ಅವರಿಗೆ ಸಂಪಾದನೆ. ಕಾರ್ಡ್ ಯಂತ್ರ ಕೈಕೊಡಬಹುದು, ನಗದು ಡಾಲರ್ ಇಟ್ಟುಕೊಂಡಿರಿ. ಕೈಲಾದ ಸೇವೆ ಮಾಡಬೇಕೆಂಬ ಮನಸ್ಸಿದ್ದರೆ ಸುತ್ತಿಗೆ ಹಿಡಿದು ನೇರವಾಗಿ ಹೋಗಿ ನಿಲ್ಲದೆ, ವಾಲಂಟಿಯರ್ ಫ್ಲೋರಿಡಾ ಅಥವಾ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿಯಂಥ ಸಂಸ್ಥೆಗಳ ಮೂಲಕ ಮುಂಚಿತವಾಗಿ ಹೆಸರು ನೋಂದಾಯಿಸಿ. ನಮ್ಮ ಊಟ, ವಸತಿ ನಮ್ಮ ಗಾಡಿಯಲ್ಲೇ ಇರುವುದರಿಂದ ಆರ್‌ವಿಯಲ್ಲಿ ಬರುವ ಸ್ವಯಂಸೇವಕರು ಆ ಸಂಸ್ಥೆಗಳಿಗೆ ಅಷ್ಟರಮಟ್ಟಿಗೆ ಹಗುರ. ಹಳೆಯ ಬಟ್ಟೆಗಳ ಮೂಟೆ ಒಯ್ಯುವ ಬದಲು ಹಣ ಕೊಡುವುದು ಉತ್ತಮ. ಬಟ್ಟೆಯನ್ನು ವಿಂಗಡಿಸಿ ಇಡಲು ಅವರಿಗೆ ಸೂರೂ ಸಾಲದು, ಆಳೂ ಸಾಲದು.

ಮತ್ತೆ ಗಾಳಿ ಎದ್ದರೆ

ಅಟ್ಲಾಂಟಿಕ್ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆ ಅವಧಿಯಲ್ಲಿ ತಂಗಿದ್ದರೆ ಇಂಧನದ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದೆ, ಒಳನಾಡಿನಲ್ಲಿ ಹೋಗಿ ನಿಲ್ಲಬಹುದಾದ ಎರಡು ಸ್ಥಳಗಳನ್ನು ಬೇರೆ ಬೇರೆ ದಿಕ್ಕಿನಲ್ಲಿ ಗೊತ್ತುಮಾಡಿಟ್ಟುಕೊಳ್ಳಿ. ರಾಷ್ಟ್ರೀಯ ಚಂಡಮಾರುತ ಕೇಂದ್ರವು ಆರು ಗಂಟೆಗೊಮ್ಮೆ, ಈಸ್ಟರ್ನ್ ಬೇಸಿಗೆ ಕಾಲಮಾನದಂತೆ 5 ಮತ್ತು 11 ಗಂಟೆಗಳಿಗೆ, ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅದರ ನಕ್ಷೆಯಲ್ಲಿ ಕಾಣುವ ಶಂಕುವಿನ ಆಕೃತಿಯು, ಚಂಡಮಾರುತದ ಕೇಂದ್ರ ಎಲ್ಲಿ ಸಾಗಬಹುದೆಂಬುದನ್ನು ಮಾತ್ರ ತೋರಿಸುತ್ತದೆ. ಮಳೆಗಾಳಿ ಅದರ ಹೊರಗೂ ಬಹಳ ದೂರ ಹರಡಿರುತ್ತದೆ. ಆರ್‌ವಿ ಯಾವ ಚಂಡಮಾರುತಕ್ಕೂ ಆಶ್ರಯವಾಗಲಾರದು. ಗಾಳಿ ಗಂಟೆಗೆ 39 ಮೈಲಿ ಮುಟ್ಟಿದರೆ ಅದು ಉಷ್ಣವಲಯದ ಬಿರುಗಾಳಿಯ ಮಟ್ಟ, ಅಷ್ಟರಲ್ಲಿ ಎತ್ತರದ ಗಾಡಿಯನ್ನು ಸೇತುವೆಯ ಮೇಲೆ ಓಡಿಸುವುದೇ ಅಪಾಯ. ಆದ್ದರಿಂದ ಊರು ಬಿಡುವ ಆದೇಶ ಬರಲೆಂದು ಕಾಯದೆ, ಮಾರ್ಗ ಇನ್ನೂ ಖಾಲಿಯಿರುವಾಗಲೇ, ಹಗಲಿನಲ್ಲಿ ಹೊರಟುಬಿಡಬೇಕು.

ಹೊರಡುವಾಗ ವಿದ್ಯುತ್ ಕಂಬದ ಬ್ರೇಕರ್ ಆಫ್ ಮಾಡಿ, ಹಾರಬಹುದಾದ ಕುರ್ಚಿ, ಚಾಪೆಗಳನ್ನೆಲ್ಲ ಒಳಗೆ ಹಾಕಿ, ಕಚೇರಿಗೆ ಹೋಗಿ ಜಾಗ ಖಾಲಿಯಾಗಿದೆ ಎಂದು ಹೇಳಿ. ಗಾಳಿ ಹಾದುಹೋಗಿ ಪಾರ್ಕು ಉಳಿದಿದ್ದರೆ, ನಾವು ಹಣ ಕೊಟ್ಟಿರುವ ಉಳಿದ ರಾತ್ರಿಗಳನ್ನು ತಂತಿ ಎಳೆಯಲು ಬರುವವರಿಗೋ ಮನೆ ಬಿಟ್ಟು ಬಂದವರಿಗೋ ಕೊಡಬಹುದೆಂದು ಆಗಲೇ ತಿಳಿಸಿ, ನಮ್ಮ ಹೆಸರಿನ ಮುಂದೆ ಅದನ್ನು ಬರೆಯಿಸಿ ಹೊರಡಿ.